ಮಾವನ ಸಜ್ಜೆ

ನಮ್ಮ ಸೋದರಮಾವನ ಅಡುಗೆಮನೆಯ ಸಜ್ಜೆಯ ಮೇಲೆ ಮೊದಲೆಲ್ಲ ಕೊಳದಪ್ಪಲೆ, ಹಂಡೆ, ಹಬ್ಬದ ಪರಾತ ಇರುತ್ತಿದ್ದವು. ಈಗ ಅವು ಮಂಚದ ಕೆಳಗಿವೆ. ಸಜ್ಜೆಯಲ್ಲಿ ಒಂದು 21 ಇಂಚಿನ ಡಬ್ಬಾ ಟಿವಿ, ಎರಡು ಯುಪಿಎಸ್, ಕ್ಯಾಸೆಟ್ಟು ನುಂಗಿ ಸತ್ತ ಟೇಪ್‌ರೆಕಾರ್ಡರ್, ಏಳು ಮೊಬೈಲು, ಜೊತೆಗೆ ಮಗು ಕೈಹಾಕಿದ ಶಾವಿಗೆಯಂಥ ಒಂದು ವೈರಿನ ಗಂಟು.

"ಇರ್ಲಿ ಬಿಡೋ, ಯಾವತ್ತಾದ್ರೂ ಬೇಕಾಗತ್ತೆ." ಬ್ಯಾಂಕಿನಿಂದ ನಿವೃತ್ತರಾದ ಮಾವನಿಗೆ ಇದು ನಿತ್ಯದ ಮಂತ್ರ. ಗಂಟಿನಿಂದ ನೋಕಿಯಾದ ಸಣ್ಣ ಪಿನ್ನಿನ ಚಾರ್ಜರ್ ಎಳೆದು, "ಇಂಥದ್ದು ಈಗ ಎಲ್ಲಿ ಸಿಗತ್ತೆ ಹೇಳು" ಅನ್ನುತ್ತಾರೆ. ಆ ಪಿನ್ನು ಕೂರುವ ಫೋನೂ ಸಿಗೋದಿಲ್ಲವಲ್ಲ ಮಾವ ಅಂದರೆ, "ಅದಕ್ಕೇ ಕಣೋ, ಚಾರ್ಜರನ್ನಾದ್ರೂ ಉಳಿಸ್ಕೊಂಡಿರೋದು!"

ಮಾವನನ್ನು ಬರೀ ಗೇಲಿ ಮಾಡಿದರೆ ತಪ್ಪಾದೀತು. ಅವರ ಮನೆಯ ಮಿಕ್ಸಿಗೆ ಇಪ್ಪತ್ತೆಂಟು ವರ್ಷ. ಎರಡು ಸಲ ವೈಂಡಿಂಗ್ ಮಾಡಿಸಿದ್ದಾರೆ, ಬುಷ್ಷು ಕಪ್ಲರ್ರು ಎಷ್ಟು ಸಲ ಬದಲಾಗಿದೆಯೋ ಲೆಕ್ಕವಿಲ್ಲ. ಬೆಂಗಳೂರಿನ ಎಸ್‌.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಒಂದು ಸ್ವಿಚ್ಚಿಗಾಗಿ ಅರ್ಧ ದಿನ ಸುತ್ತುವ ಮನುಷ್ಯ. ವರ್ಷಕ್ಕೊಂದು ಫೋನು ಬದಲಿಸುವ ನಮ್ಮಂಥವರು ಅವರಿಗೆ ಬುದ್ಧಿ ಹೇಳುವುದು ಅಷ್ಟಕ್ಕಷ್ಟೇ. ಆದರೆ ರಿಪೇರಿಯ ಗಡಿ ದಾಟಿದ್ದನ್ನೂ ಮಾವ ಸತ್ತಿದೆ ಎಂದು ಒಪ್ಪುವವರಲ್ಲ.

ಟಿವಿಯ ವಿಷಯ ಎತ್ತಿದರಂತೂ ಮುಗಿಯಿತು. "1996ರ ವಿಶ್ವಕಪ್ಪಲ್ಲಿ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಆ ಸೊಹೇಲ್‌ನ ಸ್ಟಂಪ್ ಎಗರಿಸಿದ್ದು ಇದರಲ್ಲೇ!" ಅನ್ನುತ್ತಾರೆ, ಮ್ಯಾಚು ನಡೆದಿದ್ದು ಚಿನ್ನಸ್ವಾಮಿಯಲ್ಲಲ್ಲ, ಆ ಡಬ್ಬದೊಳಗೇ ಎಂಬಂತೆ. ಪಕ್ಕದಲ್ಲಿದ್ದ ಯುಪಿಎಸ್‌ನ ಹಿಂಬದಿಯ ಧೂಳು ಒರೆಸಿ ನನಗೊಂದು ಗುರುತನ್ನೂ ತೋರಿಸಿದರು. ಚಕ್ರದ ಕಸದಡಬ್ಬಿ, ಅದರ ಮೇಲೆ ಅಡ್ಡಗೀಟು. "ನೋಡು, ಕಸಕ್ಕೆ ಹಾಕಬೇಡಿ ಅಂತ ಕಂಪನಿಯವರೇ ಹೇಳಿದಾರೆ. ಅದಕ್ಕೇ ಮೇಲಿಟ್ಟಿದೀನಿ!" ಮನೆಯ ಕಸದ ಜೊತೆ ಬೇಡ, ಬೇರೆಯಾಗಿ ಕೊಡಿ ಎಂಬ ಆ ಗುರುತನ್ನು ಇಷ್ಟು ನಿಷ್ಠೆಯಿಂದ, ಇಷ್ಟು ತಪ್ಪಾಗಿ ಪಾಲಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪೇಚಾಟ ಶುರುವಾಗಿದ್ದು ಅಕ್ಕಿ ಡಬ್ಬದಿಂದ. ಅತ್ತೆ ಪಾವು ಇಳಿಸಿದಾಗ ಅಕ್ಕಿಯಲ್ಲಿ ಏನೋ ಗಟ್ಟಿಯಾಗಿ ತಗುಲಿತು. ತೆಗೆದು ನೋಡಿದರೆ ಮೊಬೈಲು! ಹಿಂದಿನ ಮುಚ್ಚಳ ಪೂರಿಯಂತೆ ಉಬ್ಬಿ, ಅಂಚು ಬಾಯಿಬಿಟ್ಟಿತ್ತು. "ಗ್ಯಾಸ್ ತುಂಬಿದೆ ಅಷ್ಟೆ, ಅಕ್ಕಿ ಎಳ್ಕೊಳತ್ತೆ" ಅಂದರು ಮಾವ. ನೀರಿಗೆ ಬಿದ್ದ ಫೋನಿನ ವೈದ್ಯವನ್ನು ಹೊಟ್ಟೆ ಉಬ್ಬಿದ ಫೋನಿಗೂ ಮಾಡಿದ್ದರು.

"ರೀ, ಇವತ್ತು ಅದು ಹೋಗಬೇಕು, ಇಲ್ಲಾ ನಾನು ಹೋಗ್ತೀನಿ" ಎಂದು ಅತ್ತೆ ನನಗೆ ಫೋನ್ ಮಾಡಿಸಿದರು. ನಾನು ಹೋಗುವಷ್ಟರಲ್ಲಿ ಮಾವ ಒಳಗಿನ ಫೋಟೊ ಯಾರಿಗೂ ಸಿಗದಿರಲೆಂದು ಅದನ್ನು ಗುಂಡುಕಲ್ಲಿನಿಂದ ಜಜ್ಜಲು ಕೂತಿದ್ದರು. ಉಬ್ಬಿದ ಲಿಥಿಯಂ ಬ್ಯಾಟರಿಗೆ ಪೆಟ್ಟು ಬಿದ್ದರೆ ಬೆಂಕಿ ಹತ್ತುತ್ತದೆ ಮಾವ ಎಂದು ಕಲ್ಲು ಕಿತ್ತುಕೊಂಡೆ. ಅದನ್ನು ಒಣ ಮರಳಿನ ತಗಡಿನ ಡಬ್ಬಿಯಲ್ಲಿಟ್ಟು ಹಿತ್ತಲಿಗೆ ಸಾಗಿಸಿದ್ದಾಯಿತು. ಉಳಿದವುಗಳಲ್ಲಿ ಜೀವವಿದ್ದ ಎರಡರಿಂದ ಅಕೌಂಟ್ ತೆಗೆದು, ಫ್ಯಾಕ್ಟರಿ ರಿಸೆಟ್ ಒತ್ತಿದೆ. ಸಿಮ್ಮು, ಮೆಮೊರಿ ಕಾರ್ಡು ಕಿತ್ತು ಮಾವನ ಕೈಗಿಟ್ಟೆ.

ಅಷ್ಟರಲ್ಲಿ ಬೀದಿಯಲ್ಲಿ ಗುಜರಿಯವನ ಕೂಗು. ಟಿವಿಗೆ ನೂರೈವತ್ತು ಅಂದ. ಮಾವನ ಕಣ್ಣು ಮಿನುಗಿತು. ಪಾಪ, ಅವನದೂ ಹೊಟ್ಟೆಪಾಡೇ. ಆದರೆ ಅವನಿಂದ ಮುಂದಕ್ಕೆ ಹೋದ ಟಿವಿಯ ಪಿಕ್ಚರ್ ಟ್ಯೂಬಿನ ಕೊರಳು ಮುರಿದು, ತಾಮ್ರದ ಸುರುಳಿ ಬಿಚ್ಚಿಕೊಂಡು, ಸೀಸ ಬೆರೆತ ಗಾಜನ್ನು ಎಲ್ಲೋ ಮೋರಿ ಪಕ್ಕ ಸುರಿಯುತ್ತಾರೆ. ವೈರು ಸುಟ್ಟ ಹೊಗೆ ಸುಡುವವನ ಎದೆಗೇ ಮೊದಲು ಇಳಿಯುತ್ತದೆ. ಇದನ್ನೆಲ್ಲ ಹೇಳಿ, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಂದಣಿ ಇರುವವರಿಗೇ ಕೊಡೋಣ, ಶಿವಗಂಗೆಗೆ ಹೋಗುವ ದಾರಿಯ ದಾಬಸ್‌ಪೇಟೆಯಲ್ಲಿ 2005ರಿಂದಲೇ ಅಂಥ ಕಾರ್ಖಾನೆ ಇದೆ ಅಂದೆ. "ಅವರೆಷ್ಟು ಕೊಡ್ತಾರೆ?" "ರಸೀದಿ ಕೊಡ್ತಾರೆ ಮಾವ."

ಬಾಯಿತಪ್ಪಿ ಟೋಕಿಯೊ ಒಲಿಂಪಿಕ್ಸ್ ಕಥೆ ಹೇಳಿದ್ದು ನನ್ನದೇ ದಡ್ಡತನ. ನೀರಜ್ ಚೋಪ್ರಾ ಕೊರಳಿಗೆ ಬಿದ್ದ ಪದಕ ಹಳೇ ಮೊಬೈಲು, ಲ್ಯಾಪ್‌ಟಾಪುಗಳಿಂದ ತೆಗೆದ ಲೋಹದ್ದು ಅಂದೆ. "ಚಿನ್ನ ಇದೆಯೇನೋ ಇದರಲ್ಲಿ!" ಎಂದು ಮಾವ ಏಳೂ ಮೊಬೈಲಿನ ಲೆಕ್ಕ ಹಾಕತೊಡಗಿದರು. ಜಪಾನಿನವರು ಸುಮಾರು 62 ಲಕ್ಷ ಮೊಬೈಲು, ಮೇಲೆ 79 ಸಾವಿರ ಟನ್ ಸಣ್ಣಪುಟ್ಟ ಸಾಮಾನು ಕೂಡಿಹಾಕಿ ತೆಗೆದ ಚಿನ್ನ 32 ಕಿಲೋ. ನಿಮ್ಮ ಏಳರಿಂದ ಅತ್ತೆಯ ಮೂಗುಬಟ್ಟಿನ ತಿರುಪೂ ಆಗೋದಿಲ್ಲ ಅಂದ ಮೇಲೆ ತಣ್ಣಗಾದರು.

ಕಾರ್ಖಾನೆಗೆ ಫೋನ್ ಮಾಡಿದರೆ ಆ ಕಡೆಯವರು, ಐವತ್ತು ಕಿಲೋ ಆದರೆ ಮಾತ್ರ ಗಾಡಿ ಬರುತ್ತದೆ ಅಂದರು. ಮೈತೂಕ ನೋಡುವ ಯಂತ್ರದ ಮೇಲೆ ಒಂದೊಂದನ್ನೇ ಇಟ್ಟು ಮಾವ ಬರೆದುಕೊಂಡರು. ನಲವತ್ತೊಂದು. ಒಂಬತ್ತು ಕಿಲೋ ಖೋತಾ. ಆಮೇಲೆ ನಡೆದದ್ದಕ್ಕೆ ಅತ್ತೆ ಇವತ್ತಿಗೂ ನನ್ನನ್ನೇ ಬೈಯುತ್ತಾರೆ. ಮಾವ ಮರುದಿನವೇ ಕೈಚೀಲ ಹಿಡಿದು ಮನೆಮನೆಗೂ ಹೋದರು. ಕಸದಡಬ್ಬಿಯ ಗುರುತನ್ನು, ಈ ಸಲ ಸರಿಯಾಗಿ, ಎಲ್ಲರಿಗೂ ವಿವರಿಸಿದರು. ಡಾಕ್ಟರ ಮನೆಯ ಪ್ರಿಂಟರು, ಮೂಲೆಮನೆಯವರ ಮಾನಿಟರು, ಬೀದಿಯ ಸಕಲ ಸತ್ತ ಇಸ್ತ್ರಿಪೆಟ್ಟಿಗೆಗಳೂ ಬಂದವು. ಗಾಡಿ ಬಂತು, ಎಲ್ಲ ಹೋಯಿತು, ರಸೀದಿಗೆ ಲ್ಯಾಮಿನೇಶನ್ನೂ ಆಯಿತು.

ಅತ್ತೆ ಸಜ್ಜೆ ಗುಡಿಸಿ, ಕೊಳದಪ್ಪಲೆ ಏರಿಸಲು ಏಣಿ ಹತ್ತುವಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಬೀದಿಯವರೊಬ್ಬರು, ಕಂಕುಳಲ್ಲಿ ಡಿವಿಡಿ ಪ್ಲೇಯರ್. "ಇಲ್ಲಿ ತಗೋತಾರಂತಲ್ಲ ಸಾರ್?"

"ಬನ್ನಿ ಬನ್ನಿ" ಅಂದರು ಮಾವ, ಏಣಿಯ ಕಡೆ ತಿರುಗಿ. "ಲೇ, ಆ ಪಾತ್ರೆ ಇಳಿಸು. ಇನ್ನೂ ನಲವತ್ತೇಳು ಕಿಲೋ ಆಗಬೇಕು."