ಕಾಲುವೆ ಕಂಪನಿ: ಹೊಸ ನಿರ್ದೇಶಕರಿಗೊಂದು ಕೈಪಿಡಿ



ಇಂಗ್ಲೆಂಡಿನ ನಡುನಾಡಿನಲ್ಲಿ ಹಾದುಹೋಗುವ ಕಾಲುವೆಯೊಂದರ ಆಡಳಿತ ನಿಮ್ಮ ಕೈಗೆ ಬಂದಿದೆ. ಸರಕನ್ನು ಬೇಗ ಮುಟ್ಟಿಸುವುದೇ ಕಂಪನಿಯ ಉದ್ದೇಶವೆಂದು ಯಾರಾದರೂ ಹೇಳಿದ್ದರೆ, ಅದನ್ನು ಮರೆತು ಮುಂದೆ ಓದಿ.

ಬೇಕಾಗುವ ಸಾಮಗ್ರಿ

ಪಾರ್ಲಿಮೆಂಟಿನ ಕಾಯ್ದೆ ಒಂದು. ಅದಿಲ್ಲದೆ ಯಾರ ಹೊಲಕ್ಕೂ ಗುದ್ದಲಿ ಹಾಕುವಂತಿಲ್ಲ. ಷೇರುದಾರರು ಸಾಕಷ್ಟು. ದಿಬ್ಬದ ಮೇಲೊಂದು ಕೆರೆ. ದಡದುದ್ದಕ್ಕೂ ಕಲ್ಲಿದ್ದಲ ಗಣಿಗಳು, ಎಷ್ಟಿದ್ದರೆ ಅಷ್ಟು ಒಳ್ಳೆಯದು. ದೋಣಿ, ಕುದುರೆ ಕೊಳ್ಳುವ ಗೋಜಿಗೆ ಹೋಗಬೇಡಿ. 1845ರ ಕಾಯ್ದೆ ಬರುವ ತನಕ ಸ್ವತಃ ಸರಕು ಸಾಗಿಸುವ ಅಧಿಕಾರ ಹೆಚ್ಚಿನ ಕಂಪನಿಗಳಿಗೆ ಇಲ್ಲ. ದಾರಿ ನಿಮ್ಮದು, ದುಡಿಮೆ ದೋಣಿಯವರದು, ಸುಂಕ ಮತ್ತೆ ನಿಮ್ಮದು.

ಹಂತ 1: ಅಳೆಯಿರಿ

70 ಅಡಿ ಉದ್ದ, 7 ಅಡಿ ಅಗಲದ ದೋಣಿಯಲ್ಲಿ ಸುಮಾರು 25 ಟನ್ ಸರಕನ್ನು ಒಂದೇ ಕುದುರೆ ಎಳೆದು ತರುತ್ತದೆ. ದೋಣಿಯವನು ಹೇಳಿದ ತೂಕವನ್ನು ನಂಬಬೇಡಿ. ನಿಮ್ಮ ಗುಮಾಸ್ತ ಅಳತೆಕೋಲು ಹಿಡಿದು ಬಗ್ಗಲಿ. ದೋಣಿಯ ಅಂಚು ನೀರಿನಿಂದ ಎಷ್ಟು ಅಂಗುಲ ಮೇಲಿದೆ ಎಂದು ನಾಲ್ಕು ಕಡೆ ನೋಡಿ ಸರಾಸರಿ ತೆಗೆಯಲಿ. ಎಷ್ಟು ಭಾರಕ್ಕೆ ಆ ದೋಣಿ ಎಷ್ಟು ಮುಳುಗುತ್ತದೆ ಎಂಬ ಪಟ್ಟಿ ಅವನ ಪುಸ್ತಕದಲ್ಲಿ ಮೊದಲೇ ಇದೆ. ಟನ್ನಿಗಿಷ್ಟು, ಮೈಲಿಗಿಷ್ಟು ಎಂದು ಗುಣಿಸಿ ವಸೂಲು ಮಾಡಿ. ಮಳೆಗೆ ನೆನೆದು ಕಲ್ಲಿದ್ದಲು ಭಾರವಾಗಿದೆಯೆಂದು ದೋಣಿಯವನು ಗೋಳಾಡಬಹುದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಇಂಗ್ಲೆಂಡಿನಲ್ಲೂ ಅಷ್ಟೇ ಫಲ.

ಹಂತ 2: ಕಾಯಿಸಿ

ಎರಡು ಬಾಗಿಲುಗಳ ನಡುವೆ ನೀರು ತುಂಬಿಸಿ, ಇಳಿಸಿ ದೋಣಿಯನ್ನು ಏರುತಗ್ಗು ದಾಟಿಸುವ ತೊಟ್ಟಿಯೇ ಲಾಕ್. ದೋಣಿಯೊಂದು ಒಂದು ಲಾಕ್ ದಾಟಿದರೆ ಸುಮಾರು 25,000 ಗ್ಯಾಲನ್ ನೀರು ಕೆಳಗಿಳಿಯುತ್ತದೆ. ಇಳಿದದ್ದನ್ನೇ ಮತ್ತೆ ಮೇಲೆತ್ತಲು ಬರ್ಮಿಂಗ್‌ಹ್ಯಾಮ್ ಕಾಲುವೆಯವರು 1779ರಲ್ಲೇ ಸ್ಮೆಥಿಕ್‌ನಲ್ಲಿ ಬೌಲ್ಟನ್-ವಾಟ್ ಉಗಿಯಂತ್ರ ಹೂಡಿದ್ದರು. ಅಷ್ಟು ಖರ್ಚು ಬೇಡವೆನಿಸಿದರೆ, ಎದುರಿನಿಂದ ಇನ್ನೊಂದು ದೋಣಿ ಬರುವ ತನಕ ಒಂಟಿ ದೋಣಿಯನ್ನು ಕಾಯಿಸಿ. ಒಂದೇ ಲಾಕ್ ನೀರಿನಲ್ಲಿ ಒಂದು ಏರಲಿ, ಒಂದು ಇಳಿಯಲಿ. ಕಾದವನ ಕೂಲಿ ನಿಮ್ಮ ಲೆಕ್ಕಪುಸ್ತಕಕ್ಕೆ ಬರುವುದಿಲ್ಲ.

ಹಂತ 3: ನೆರೆಯವರನ್ನು ತಡೆಯಿರಿ

1795ರಲ್ಲಿ ವೂಸ್ಟರ್ ಕಾಲುವೆಯ ಮೊದಲ ಭಾಗ ಬರ್ಮಿಂಗ್‌ಹ್ಯಾಮಿನಲ್ಲಿ ತೆರೆಯಿತು. ತಮ್ಮ ನೀರು ಅತ್ತ ಹರಿದುಹೋದೀತೆಂದು ಹಳೆಯ ಬರ್ಮಿಂಗ್‌ಹ್ಯಾಮ್ ಕಾಲುವೆ ಕಂಪನಿಯವರು ಎರಡು ಕಾಲುವೆಗಳ ನಡುವೆ 7 ಅಡಿ ದಪ್ಪದ ತಡೆಗೋಡೆ ಬಿಟ್ಟರು. ಈಚೆಗೊಂದು ದೋಣಿ, ಆಚೆಗೊಂದು ದೋಣಿ. ನಡುವೆ ಆಳುಗಳು ಸರಕನ್ನು ಇಲ್ಲಿಂದೆತ್ತಿ ಅಲ್ಲಿಗಿಡಬೇಕು. 1815ರಲ್ಲಿ ಪಾರ್ಲಿಮೆಂಟಿನ ಅಪ್ಪಣೆಯಂತೆ ಗೋಡೆ ಕಡಿದು ಲಾಕ್ ಕೂರಿಸಲಾಯಿತು. ನೀವೂ ಇಂಥದ್ದೊಂದು ಕಟ್ಟಿಕೊಂಡರೆ 20 ವರ್ಷ ನಿಶ್ಚಿಂತೆ.

ಹಂತ 4: ಸುರಂಗದಲ್ಲಿ ಉಳಿಸಿ

ಕುದುರೆ ನಡೆಯಲು ಸುರಂಗದೊಳಗೆ ದಾರಿ ಕಟ್ಟುವುದು ದುಂದು. 1805ರಲ್ಲಿ ಮುಗಿದ ಬ್ಲಿಸ್‌ವರ್ತ್ ಸುರಂಗ ಸುಮಾರು ಒಂದೂಮುಕ್ಕಾಲು ಮೈಲಿ ಉದ್ದ, ಅದರಲ್ಲೂ ದಾರಿಯಿಲ್ಲ. ಕುದುರೆ ಗುಡ್ಡ ಹತ್ತಿಳಿದು ಆಚೆ ಬಾಯಿಗೆ ಬರಲಿ. ಒಳಗೆ ಇಬ್ಬರು ಹಲಗೆಯ ಮೇಲೆ ಅಂಗಾತ ಮಲಗಿ, ಆಚೀಚೆ ಗೋಡೆಗಳನ್ನು ಕಾಲಿನಿಂದ ಒದೆಯುತ್ತ ಕತ್ತಲಲ್ಲಿ ದೋಣಿಯನ್ನು ಮುಂದೆ ತಳ್ಳಲಿ.

ದೋಷ ನಿವಾರಣೆ

*ನೀರು ಹೆಪ್ಪುಗಟ್ಟಿದೆ:* ಮಂಜುಗಡ್ಡೆ ಒಡೆಯುವ ದೋಣಿಗೆ ಸಾಲು ಕುದುರೆ ಕಟ್ಟಿ. ನಡುಗಂಬಿ ಹಿಡಿದು ನಿಂತ ಆಳುಗಳು ದೋಣಿಯನ್ನು ಎಡಕ್ಕೂ ಬಲಕ್ಕೂ ಓಲಾಡಿಸಲಿ.

*ರೈಲು ಬಂದಿದೆ:* ಗಾಬರಿ ಬೇಡ, ಸುಂಕ ಇಳಿಸಿ. 1838ರಲ್ಲಿ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲುದಾರಿ ಪೂರ್ತಿಯಾದಾಗ ಪಕ್ಕದ ಗ್ರ್ಯಾಂಡ್ ಜಂಕ್ಷನ್ ಕಾಲುವೆಯವರೂ ಇಳಿಸಿದರು. ವರ್ಷಗಟ್ಟಲೆ ಆಗದು ಎಂದಿದ್ದು ಒಂದೇ ಸಭೆಯಲ್ಲಿ ಆಗುತ್ತದೆ.

*ಇಳಿಸಿದರೂ ಸಾಲದು:* ರೈಲಿನವರ ಜೊತೆ ಕರಾರು ಮಾಡಿಕೊಳ್ಳಿ. 1846ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಲುವೆಯವರು ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯಿಂದ, ಲಾಭಾಂಶ ಕಡಿಮೆಬಿದ್ದರೆ ತುಂಬಿಕೊಡುವ ಮಾತು ಪಡೆದರು. ಬದಲಿಗೆ ಆಡಳಿತದಲ್ಲಿ ರೈಲಿನವರ ಕೈ ಮೇಲಾಯಿತು. ಚಿಂತೆಯಿಲ್ಲ, ಸಹಿ ಹಾಕಿ. ದೋಣಿಗಳನ್ನು ಇಷ್ಟು ವರ್ಷ ತಡೆದು ಕಾಯಿಸಿ ನೀವು ಅರಸಿದ್ದು ಲಾಭಾಂಶವನ್ನೇ. ಇನ್ನು ಮೇಲೆ ಅದಕ್ಕೆ ದೋಣಿಗಳೇ ಬೇಕಿಲ್ಲ.