ಹಾರ್ಡಿ ಮೇಷ್ಟ್ರು

ಕಡ್ಲೆಕಾಯಿಯಲ್ಲಿ ತಳಿಗಳಿರುವಂತೆ ಇಂಗ್ಲಿಷ್ ಮೇಷ್ಟ್ರುಗಳಲ್ಲೂ ತಳಿಗಳಿವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಗೆ ಒಗ್ಗಿದ್ದು ಬರ ತಡೆಯುವ ತಳಿ, ಹಾರ್ಡಿ ಮೇಷ್ಟ್ರು. ಎಂ.ಎ.ಯಲ್ಲಿ ಓದಿದ ಥಾಮಸ್ ಹಾರ್ಡಿಯನ್ನು ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು ಇವರು. ಹದವಾಗಿ ಮಳೆ ಬಿದ್ದರೂ "ಬಂತು, ಹೊತ್ತು ಮೀರಿ ಬಂತು" ಅನ್ನುವುದು ಇವರ ಗುರುತು.

ಇವರ ಮುಖ್ಯ ಪಠ್ಯ 1891ರ 'ಟೆಸ್'. ಗಾಡಿಯ ಕುದುರೆ ಸತ್ತು ಒಂದು ಸಂಸಾರ ಬೀದಿಗೆ ಬೀಳುವ ಭಾಗಕ್ಕೆ ಪಾವಗಡದ ತಿರುಮಣಿ ಕಡೆಯ ಹುಡುಗರಿಗೆ ಗೈಡ್ ಬೇಕಾಗುವುದಿಲ್ಲ. ಎತ್ತು ಸತ್ತ ಮನೆಯನ್ನು ಅವರು ಕಂಡಿರುತ್ತಾರೆ. ತಕರಾರು ಶುರುವಾಗುವುದು ಕಾಗದದ ಹತ್ತಿರ. ಟೆಸ್ ತನ್ನ ಹಿಂದಿನ ಕತೆಯನ್ನೆಲ್ಲ ಬರೆದು, ಮದುವೆಯಾಗುವವನ ಬಾಗಿಲ ಸಂದಿಯಲ್ಲಿ ತೂರಿಸುತ್ತಾಳೆ. ಅದು ಹಾಸುಗಂಬಳಿಯ ಅಡಿಗೆ ಹೋಗಿ ಅವನ ಕಣ್ಣಿಗೇ ಬೀಳುವುದಿಲ್ಲ. ವಿಧಿಯ ಕ್ರೌರ್ಯ ಎಂದು ಮೇಷ್ಟ್ರು ಗದ್ಗದಿತರಾಗುವಾಗ ಒಳಗಿಂದ ಮನೆಯವರ ದನಿ ಬರುತ್ತದೆ: "ಅಲ್ರೀ, ಅವರ ಮನೇಲಿ ಕಸ ಗುಡಿಸೋ ಪದ್ಧತೀನೇ ಇರ್ಲಿಲ್ವಾ?" ಇಂಗ್ಲಿಷ್ ವಿಮರ್ಶೆಯ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿಲ್ಲ.

ಗೋಳು ಈ ಸೀಮೆಗೆ ಹೊಸದಲ್ಲ. ಪಾವಗಡದಲ್ಲಿ ಶನಿಮಹಾತ್ಮನ ಗುಡಿಯೇ ಇದೆ. ಕಳ್ಳತನದ ಆರೋಪ ಹೊತ್ತು ಕೈಕಾಲು ಕಳೆದುಕೊಂಡು ಗಾಣದ ಮನೆ ಸೇರಿದ ವಿಕ್ರಮರಾಜನ ಕತೆಗೆ ಅಜ್ಜಿಯರು ರಾತ್ರಿಯಿಡೀ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಏಳೂವರೆ ವರ್ಷಕ್ಕೆ ಶನಿ ಬಿಡುತ್ತಾನೆ, ಕೈಕಾಲು ಚಿಗುರುತ್ತವೆ, ಕೇಳಿದವರಿಗೆ ಪ್ರಸಾದ ಸಿಗುತ್ತದೆ. ಹಾರ್ಡಿಯಲ್ಲಿ ಹಿಡಿದ ಶನಿ ಬಿಡುವುದೂ ಇಲ್ಲ, ಪ್ರಸಾದವೂ ಇಲ್ಲ. ಇದೇ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಗ್ರೀಕರ ದುರಂತವನ್ನು 'ಅಶ್ವತ್ಥಾಮನ್' ಮಾಡಿ ಕನ್ನಡಕ್ಕೆ ತಂದರು ಎಂದು ಮೇಷ್ಟ್ರು ವಾದಿಸುತ್ತಾರೆ. ವಾದ ಸರಿ, ಅಜ್ಜಿಯರು ಒಪ್ಪಿಲ್ಲ.

ಸಿನಿಮಾ ಎಂದರೆ ಇವರಿಗೆ ಉರಿ. ಹಾರ್ಡಿಯದಲ್ಲದಿದ್ದರೂ ಅಷ್ಟೇ ಗೋಳಿನ 'ವುದರಿಂಗ್ ಹೈಟ್ಸ್' ಕಾದಂಬರಿಯ ಎರಡನೇ ತಲೆಮಾರನ್ನೇ 1939ರ ಹಾಲಿವುಡ್ ಚಿತ್ರ ಕತ್ತರಿಸಿ, ಕೊನೆಗೆ ಪ್ರೇಮಿಗಳ ದೆವ್ವಗಳನ್ನು ಜೋಡಿಯಾಗಿ ನಡೆಸಿತಲ್ಲ ಎಂದು ಹಲ್ಲು ಕಡಿಯುತ್ತಾರೆ. ಅದೇ ಕತೆಯ ಹಿಂದಿ ಅವತಾರ, 1966ರ 'ದಿಲ್ ದಿಯಾ ದರ್ದ್ ಲಿಯಾ'ದ ಮಾತು ಬಂದರೆ ಮಾತ್ರ ಸ್ವರ ಇಳಿಯುತ್ತದೆ. "ಅದೂ ಕೆಡಿಸಿದ್ದೇ... ಆದರೆ ದಿಲೀಪ್ ಕುಮಾರ್, ಮೇಲೆ ನೌಷಾದ್ ಸಂಗೀತ ನೋಡಿ." ಎಷ್ಟು ಸಲ ನೋಡಿದಿರಿ ಎಂದು ಕೇಳಬಾರದು.

'ಜೂಡ್' ಕಾದಂಬರಿ 1895ರಲ್ಲಿ ಬಂದಾಗ ಎದ್ದ ಗದ್ದಲಕ್ಕೆ ಬೇಸತ್ತ ಹಾರ್ಡಿ ಮತ್ತೆ ಹೊಸ ಕಾದಂಬರಿಗೆ ಕೈಹಾಕದೆ, 1928ರಲ್ಲಿ ತೀರಿಕೊಳ್ಳುವವರೆಗೆ ಕವಿತೆ ಬರೆದುಕೊಂಡಿದ್ದ. ಮೇಷ್ಟ್ರ ಮನೆಯಲ್ಲಿ ಅವನ ಬಗ್ಗೆ ಒಳ್ಳೆಯ ಮಾತು ಕೇಳಿಬರುವುದು ಈ ಒಂದು ಕಾರಣಕ್ಕೆ.

ಈಚೆಗೆ ಮೇಷ್ಟ್ರ ದುಃಖದ ಬಂಡವಾಳಕ್ಕೇ ಕುತ್ತು ಬಂದಿದೆ. ಬೆಳೆ ಸುಡುತ್ತಿದ್ದ ತಿರುಮಣಿಯ ಬಿಸಿಲು ಈಗ ಸುಮಾರು 13,000 ಎಕರೆಯ ಸೋಲಾರ್ ಪಾರ್ಕಿಗೆ ಮೇವು. ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. "ಸಾರ್, ಎಕರೆಗೆ ವರ್ಷಕ್ಕೆ 21,000ದಿಂದ ಶುರುವಾಯ್ತು ಬಾಡಿಗೆ, ಇನ್ನೆಲ್ಲಿ ನಿಮ್ಮ ಹಾರ್ಡಿ?" ಎಂದು ಹಳೇ ಶಿಷ್ಯರು ಟೀ ಅಂಗಡಿಯಲ್ಲಿ ಕಾಲೆಳೆಯುತ್ತಾರೆ. ಮೇಷ್ಟ್ರು ಲೋಟ ಕೆಳಗಿಟ್ಟು, 'ಟೆಸ್'ನಲ್ಲಿ ಹೊಲಕ್ಕೆ ಬರುವ ಉಗಿಯಂತ್ರದ ಅಧ್ಯಾಯ ನೆನಪಿಸುತ್ತಾರೆ. ಬಾಡಿಗೆ ಬರುವುದು ಪಹಣಿ ಇದ್ದವನಿಗೆ. ಅದೇ ಹೊಲದಲ್ಲಿ ಕಡ್ಲೆಕಾಯಿ ಕೀಳುತ್ತಿದ್ದ ಕೂಲಿಯವಳಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ.