ರಿಮೋಟಿನ ಮೌನವ್ರತ

ನಮ್ಮ ಮನೆಯ ದೂರದರ್ಶನದ ರಿಮೋಟು ಮೌನವ್ರತವನ್ನು ಕೈಕೊಂಡಾಗಲೆಲ್ಲ, ಅದರ ಬೆನ್ನಿಗೆ ಎರಡೇಟು ಬಿಗಿದು, ಮುಚ್ಚಳ ತೆಗೆದು, ಒಳಗಿನ ಒಂದೂವರೆ ವೋಲ್ಟಿನ ಶೆಲ್ಲುಗಳೆರಡನ್ನೂ ಹೆಬ್ಬೆರಳಿನಿಂದ ಗರಗರನೆ ತಿರುಗಿಸಿ, ಅಷ್ಟೂ ಸಾಲದೆಹೋದರೆ ಹಲ್ಲಿನಿಂದ ಕಚ್ಚಿ ಪುನಃ ಪ್ರತಿಷ್ಠಾಪಿಸುವುದು ತಲೆತಲಾಂತರದಿಂದ ಬಂದಿದೆಯೋ ಎಂಬಂಥ ಸಂಪ್ರದಾಯ. ಕಚ್ಚುವುದನ್ನು ನಾನು ಅನುಮೋದಿಸಲಾರೆ. ಶೆಲ್ಲಿನೊಳಗಿನ ರಸಾಯನವು ಹೋಳಿಗೆಯ ಹೂರಣವಲ್ಲ. ತಿರುಗಿಸುವುದರಲ್ಲಿ ಮಾತ್ರ ತಥ್ಯವುಂಟು: ಲೋಹದ ತುದಿಗಳಲ್ಲಿ ಕಟ್ಟಿದ ಸೂಕ್ಷ್ಮವಾದ ಕಿಲುಬು ಉಜ್ಜಿಹೋಗಿ ವಿದ್ಯುತ್ತಿಗೆ ದಾರಿ ಬಿಡುತ್ತದೆ.

ಮೊನ್ನೆ ಈ ಷೋಡಶೋಪಚಾರಕ್ಕೂ ಅದು ಒಲಿಯದಿರಲು, ಕಿರಿಯ ಮಗಳು ತನ್ನ ಮೊಬೈಲಿನ ಸೆಲ್ಫಿ ಕ್ಯಾಮೆರಾವನ್ನು ರಿಮೋಟಿನ ಮೂತಿಗೆ ಹಿಡಿದು, “ಈಗ ಗುಂಡಿ ಒತ್ತಿ” ಎಂದಳು. ಬರಿಗಣ್ಣಿಗೆ ಅಗೋಚರವಾದ ಅವಕೆಂಪು ಕಿರಣವು ಪರದೆಯ ಮೇಲೆ ನೇರಳೆ ಬಣ್ಣದ ಮಿಣುಕುಹುಳುವಿನಂತೆ ಮಿನುಗಿತು. “ರಿಮೋಟು ಆರೋಗ್ಯವಾಗಿದೆ, ದೋಷ ಟೀವಿಯ ಕಡೆಯದು” ಎಂದು ನಾಡಿ ಹಿಡಿದ ಪಂಡಿತರಂತೆ ತೀರ್ಪಿತ್ತಳು. ಹೋಗಿ ನೋಡಲಾಗಿ, ಟೀವಿಯ ಕೆಳಂಚಿನ ಪುಟ್ಟ ಕಣ್ಣಿನ ಎದುರಿಗೇ, ನನ್ನಾಕೆ ದಸರೆಗೆಂದು ಕೂರಿಸಿದ್ದ ಪಟ್ಟದ ಬೊಂಬೆಗಳು ರಾಜಗಾಂಭೀರ್ಯದಿಂದ ನಿಂತಿದ್ದವು. ಬೊಂಬೆಗಳನ್ನು ಕದಲಿಸುವ ಅಧಿಕಾರ ಈ ಮನೆಯಲ್ಲಿ ನನಗಿಲ್ಲವಾದ ಕಾರಣ, ವಿಜಯದಶಮಿಯವರೆಗೆ ನಾನೇ ಎದ್ದೆದ್ದು ಹೋಗಿ ಗುಂಡಿ ಒತ್ತಿ ಬರುತ್ತಿದ್ದೇನೆ.